ಕತ್ತರಿ ಮೇಜಿನ ಕಥಾನಾಯಕ

ಹೆಂಡತಿಯನ್ನು ಕಾಗದಕ್ಕೆ ಕಳೆದುಕೊಂಡ ಗಂಡಸರು ಲೋಕದಲ್ಲಿ ಎಷ್ಟು ಮಂದಿಯೋ ತಿಳಿಯದು. ಆ ಪಂಗಡಕ್ಕೆ ತಾವೊಬ್ಬರೇ ಸದಸ್ಯರು, ತಾವೇ ಅಧ್ಯಕ್ಷರು ಎಂದು ಗಾರ್ಡ್ ಸಾಹೇಬರು ನಂಬಿದ್ದರು. ಸರ್ವೀಸಿನುದ್ದಕ್ಕೂ ರೈಲಿನ ಕೊನೆಯ ಡಬ್ಬಿಯಲ್ಲಿ ಕೂತು ಊರೂರು ಅಲೆದವರು ಅವರು. ನಿವೃತ್ತಿಯ ದಿನ ಹಸಿರು ಬಾವುಟ ಮಡಿಸಿಟ್ಟು, "ಇನ್ನು ನಾನು, ನೀನು, ಎರಡು ಕಪ್ಪು ಚಹಾ. ಅಷ್ಟೇ ಪ್ರಪಂಚ" ಎಂದು ಮನೆಯಾಕೆಗೆ ಘೋಷಿಸಿದ್ದರು. ಆಕೆ "ಹೂಂ" ಅಂದಿದ್ದರು. ತಿಂಗಳೊಪ್ಪತ್ತು ಕಳೆಯುವುದರೊಳಗೆ ಆಕೆ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಬಟ್ಟೆ ಚೀಲದಲ್ಲಿ ಕತ್ತರಿ ಹಾಕಿಕೊಂಡು ಹಿರಿಯರ ಕೂಟಕ್ಕೆ ಹೊರಡತೊಡಗಿದರು.

ಹಿರಿಯರ ಕೂಟವೆಂದರೆ ಗ್ರಂಥಾಲಯದ ಮಹಡಿಯ ಮೇಲಿನ ಉದ್ದನೆಯ ಕೋಣೆ. ತಲೆ ನರೆತವರೆಲ್ಲ ಅಲ್ಲಿ ಸೇರಿ ಋತುಮಾನಕ್ಕೆ ತಕ್ಕ ಹಾಗೆ ಗೋಡೆಗೆ ಕಾಗದದ ಅಲಂಕಾರ ಮಾಡುತ್ತಿದ್ದರು. ಬಿಸಿಲುಕಾಲಕ್ಕೆ ಚಿಟ್ಟೆ, ಮಳೆಗಾಲಕ್ಕೆ ಕೊಡೆ, ಎಲೆ ಉದುರುವ ಕಾಲಕ್ಕೆ ಕೆಂಪು ಹಳದಿ ಎಲೆ. ಹೊರಗಿನ ಋತು ಒಂದೆರಡು ವಾರ ತಡವಾದರೂ ಒಳಗಿನದು ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. (ರೈಲುಗಳು ನೋಡಿ ಕಲಿಯಬೇಕು ಎಂದು ಸಾಹೇಬರಿಗೇ ಅನ್ನಿಸಿದ್ದುಂಟು, ಬಾಯಿಬಿಟ್ಟು ಹೇಳಲಿಲ್ಲ.)

ಮನೆಯಲ್ಲಿ ಮಧ್ಯಾಹ್ನಗಳು ಉದ್ದವಾದವು. ಸಾಹೇಬರು ಅಭ್ಯಾಸಬಲದಿಂದ ಎರಡು ಕಪ್ಪು ಚಹಾ ಮಾಡಿ, ಎರಡನ್ನೂ ತಾವೇ ಕುಡಿದು, ಎದೆಯುರಿ ಬರಿಸಿಕೊಳ್ಳುತ್ತಿದ್ದರು. ಬೀದಿಯಲ್ಲಿ ಚಪ್ಪಲಿ ಸದ್ದಾದರೆ ಕಿವಿ ನಿಮಿರುತ್ತಿತ್ತು. ರೈಲು ಬರುವ ಹೊತ್ತು ಮೀರಿದರೂ ಪ್ಲಾಟ್‌ಫಾರ್ಮಿನ ಬೆಂಚು ಬಿಡದೆ ಕೂತವರನ್ನು ಅವರು ಎಷ್ಟೋ ಕಂಡಿದ್ದರು. ಆ ಬೆಂಚು ಇಷ್ಟು ಗಟ್ಟಿ ಎಂದು ಈಗ ತಿಳಿಯಿತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು.

"ಅಲ್ವೇ, ಆ ಕಾಗದ ಕತ್ತರಿಸೋದು ಇಲ್ಲೇ ಆಗಲ್ವಾ? ನಮ್ಮನೇಲಿ ಗೋಡೆ ಇಲ್ವಾ?"

"ಗೋಡೆ ಇದೆ ರೀ. ಜನ ಬೇಕಲ್ಲ."

"ನಾನು ಜನ ಅಲ್ವಾ?"

"ನೀವು ಮನೆಯೋರು," ಎಂದು ಆಕೆ ಚಪ್ಪಲಿ ಮೆಟ್ಟಿಕೊಂಡರು.

"ಆ ಬಾಟಲಿ ಅಂಟು ಜಾಸ್ತಿಯಾಗಿ ಈ ಮನೆ ನಂಟು ಕಮ್ಮಿಯಾಯ್ತು ನಿನಗೆ!"

"ಪ್ರಾಸ ಚೆನ್ನಾಗಿದೆ. ಹಾಲು ಉಕ್ಕದ ಹಾಗೆ ನೋಡ್ಕೊಳ್ಳಿ."

ಹಾಲು ಉಕ್ಕಿತು. ಅದು ಬೇರೆ ಮಾತು.

ಅದೇ ವಾರ ಹಠಾತ್ತನೆ ಮಳೆ ಹಿಡಿದಾಗ ಸಾಹೇಬರು ಆಕೆಗೆಂದು ಕೊಡೆ ಹಿಡಿದು ಗ್ರಂಥಾಲಯದ ಮೆಟ್ಟಿಲು ಹತ್ತಿದರು. ಅರ್ಧ ಮೆಟ್ಟಿಲಲ್ಲೇ ಕಾಲು ನಿಂತಿತು. ಮೇಲಿನಿಂದ ಗೊಳ್ಳೆಂದು ನಗು. ಹತ್ತಾರು ಗಂಟಲುಗಳ ನಡುವೆ ಒಂದು ನಗು ಬೇರೆಯಾಗಿ ಕೇಳಿಸಿತು, ಬಿಕ್ಕಳಿಸುತ್ತಾ ಮೇಲೇರಿ, ಕೊನೆಗೆ ಉಸಿರು ಸಿಗದೆ "ಅಯ್ಯೋ ಸಾಕಪ್ಪಾ" ಎಂದು ಮುಗಿಯುವ ನಗು. ಮದುವೆಯಾದ ಹೊಸತರಲ್ಲಿ, ಬಾಡಿಗೆಮನೆಯ ಅಡುಗೆಮನೆಯಲ್ಲಿ, ಸಾಹೇಬರು ಆ ನಗುವನ್ನು ಕೇಳಿದ್ದರು. ಆಮೇಲೆ ಡ್ಯೂಟಿ ಬಂತು, ರಾತ್ರಿ ಗಾಡಿಗಳು ಬಂದವು, ನಗು ಎಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ. ಈಗ ನೋಡಿದರೆ ಇಲ್ಲಿ, ಪರರ ಮೇಜಿನ ಮೇಲೆ, ಧಾರಾಳವಾಗಿ ಹಂಚಿಕೆಯಾಗುತ್ತಿದೆ!

ಬಾಗಿಲ ಸಂದಿಯಲ್ಲಿ ಇಣುಕಿದರು. ಆಕೆಯ ಪಕ್ಕದಲ್ಲಿ ಒಬ್ಬ ಬೊಕ್ಕತಲೆಯ ಮಹಾಶಯರು ಕಣ್ಣೊರೆಸಿಕೊಂಡು ನಗುತ್ತಿದ್ದರು. ನಿವೃತ್ತ ಹಲ್ಲಿನ ಡಾಕ್ಟರಂತೆ. ಅವರ ಬಾಯಲ್ಲಿ ಮಾತ್ರ ಒಂದೂ ಸ್ವಂತ ಹಲ್ಲಿರಲಿಲ್ಲ. ಸಾಹೇಬರು ಕೊಡೆಯನ್ನು ಬಾಗಿಲಿಗೆ ಒರಗಿಸಿ, ತಾವು ನೆನೆಯುತ್ತಾ ಮನೆಗೆ ಬಂದರು. ಮರುದಿನವೇ ಕೂಟಕ್ಕೆ ಸೇರಿಕೊಂಡರು.

ಕೂಟದ ಟೀಚರಮ್ಮ ಗಟ್ಟಿಗಿತ್ತಿ. "ಗಂಡ ಹೆಂಡತಿ ಒಂದೇ ಮೇಜಿಗೆ ಬೇಡ ಸಾರ್. ಕೈಯಲ್ಲಿ ಕತ್ತರಿ ಇರುತ್ತೆ," ಎಂದು ಅವರನ್ನು ನೀರಿನ ಫಿಲ್ಟರಿನ ಪಕ್ಕದ ಮೇಜಿಗೆ ಕಳಿಸಿದರು. ಗೋಡೆಯ ಮೇಲೆ ಕಂದು ಕಾಗದದ ಬೋಳು ಮರವೊಂದು ಸಿದ್ಧವಾಗಿತ್ತು. ಅದಕ್ಕೆ ಎಲೆ ಬೇಕು. ಸಾಹೇಬರು ಎಲೆ ಕತ್ತರಿಸಿದರು. ಮೊದಲನೆಯದು ಬಾತುಕೋಳಿಯ ಪಾದದ ಹಾಗಾಯಿತು. ಎರಡನೆಯದನ್ನು ಆಡು ಅರ್ಧ ತಿಂದು ಬೇಡವೆಂದು ಬಿಟ್ಟಂತಿತ್ತು. ಆದರೆ ಅವರ ಲಕ್ಷ್ಯವೆಲ್ಲ ಕಿಟಕಿ ಪಕ್ಕದ ಮೇಜಿನ ಕಡೆಗೆ. ಈಗ ನಗುತ್ತಾಳೆ, ಇನ್ನೇನು ನಗುತ್ತಾಳೆ ಎಂದು ಕತ್ತರಿ ಹಿಡಿದು ಕಾದರು.

ಆಕೆ ನಗಲಿಲ್ಲ. ತಲೆ ತಗ್ಗಿಸಿ ಎಲೆಯ ನರ ಮಡಿಸುತ್ತಿದ್ದರು. ಆ ಮೇಜಿನವರೆಲ್ಲ ಪರೀಕ್ಷೆಗೆ ಕೂತವರ ಹಾಗೆ ಮೌನ. ಮರುದಿನವೂ ಅಷ್ಟೇ. ವಾರ ಕಳೆಯಿತು, ಮರ ತುಂಬ ಎಲೆ ಬಂತು, ಕೋಣೆ ತುಂಬ ಆಕಳಿಕೆ ಬಂತು. ಜನ ತಮ್ಮನ್ನು ವಿಚಿತ್ರವಾಗಿ ನೋಡುತ್ತಿರುವುದು ಮಾತ್ರ ಸಾಹೇಬರ ಗಮನಕ್ಕೆ ಬಂತು. ಒಬ್ಬ ಅಜ್ಜಿಯಂತೂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಆಚೆ ಹೋದರು.

ಕೊನೆಗೊಂದು ಸಂಜೆ, ಆಕೆ ಕಾಗದದ ಚೂರು ಗುಡಿಸಿ ಸುರಿಯಲು ಕೆಳಗೆ ಹೋದಾಗ, ಹಲ್ಲಿನ ಡಾಕ್ಟರೂ ಆಕೆಯ ಗೆಳತಿ ನರ್ಸಮ್ಮನೂ ನಿಯೋಗ ಹೊರಟವರಂತೆ ಸಾಹೇಬರ ಮುಂದೆ ಬಂದು ನಿಂತರು.

"ಸಾಹೇಬ್ರೇ, ತಪ್ಪು ತಿಳ್ಕೋಬಾರದು," ಎಂದು ಡಾಕ್ಟರು ಗಂಟಲು ಸರಿಮಾಡಿಕೊಂಡರು. "ನೀವು ಇಲ್ಲಿಗೆ ಬರೋದು ನಿಲ್ಲಿಸಿದ್ರೆ ತುಂಬಾ ಉಪಕಾರ ಆಗುತ್ತೆ."

ಸಾಹೇಬರ ಮುಖ ಕೆಂಪು ಸಿಗ್ನಲ್ ಆಯಿತು. "ಯಾಕ್ರೀ? ನನ್ನ ಎಲೆ ಅಷ್ಟು ಕೆಟ್ಟದಾಗಿದ್ಯಾ?"

"ಎಲೆ ಕೆಟ್ಟದಾಗೇ ಇದೆ, ಅದಲ್ಲ," ಎಂದರು ನರ್ಸಮ್ಮ. "ನಾವ್ಯಾರೂ ಇಲ್ಲಿಗೆ ಎಲೆಗೋಸ್ಕರ ಬರಲ್ಲ. ನಿಮ್ಮನೆಯವರು ಹೇಳೋ ಕಥೆ ಕೇಳೋಕೆ ಬರ್ತೀವಿ."

"ಕಥೆನಾ? ಯಾರ ಕಥೆ?"

"ಇನ್ಯಾರದು? ನಿಮ್ಮದೇ!"

ಬಯಲಾಯಿತು. ಕುಕ್ಕರ್ ಸೀಟಿ ಹೊಡೆದರೆ ಸಾಹೇಬರು ನಿದ್ದೆಯಲ್ಲೇ ಎದ್ದು ನಿಂತು ಟವೆಲ್ ಬೀಸುವುದು ಕೂಟಕ್ಕೆಲ್ಲ ಗೊತ್ತಿತ್ತು. ತರಕಾರಿ ಅಂಗಡಿಯಿಂದ ಯಾರದೋ ಚೀಲ ತಂದು, ಒಳಗಿದ್ದ ಸವರಿಗೂದಲು ನೋಡಿ ಇಲಿ ಇಲಿ ಎಂದು ಮಂಚ ಹತ್ತಿದ್ದೂ ಗೊತ್ತಿತ್ತು. ಹಾಲು ಉಕ್ಕಿದ್ದಂತೂ ಮೂರು ದಿನ ಧಾರಾವಾಹಿಯಾಗಿ ಓಡಿತ್ತಂತೆ.

"ನೀವು ಬಂದ ದಿನದಿಂದ ಅವರ ಬಾಯಿಗೆ ಬೀಗ," ಎಂದು ಡಾಕ್ಟರು ನಿಟ್ಟುಸಿರಿಟ್ಟರು. "ಕಥಾನಾಯಕನೇ ಎದುರಿಗೆ ಬಂದು ಕೂತ್ರೆ ಕಥೆ ಹೇಗ್ರೀ ನಡೆಯುತ್ತೆ?"

ಸಿಟ್ಟು ಮಾಡಬೇಕೋ ಮೀಸೆ ತಿರುವಬೇಕೋ ಸಾಹೇಬರಿಗೆ ತೋಚಲಿಲ್ಲ. ಸಣ್ಣ ದನಿಯಲ್ಲಿ ಕೇಳಿದರು. "ಅವಳು... ಬೇಜಾರಲ್ಲಿ ಹೇಳ್ತಾಳಾ?"

ನರ್ಸಮ್ಮ ಅವರನ್ನೇ ನೋಡಿದರು. "ಬೇಜಾರಾ? 'ಇಷ್ಟು ವರ್ಷ ಎಲ್ಲರೂ ಗಂಡನ ವಿಷಯ ಹೇಳ್ತಿದ್ರೆ ನಾನು ಸುಮ್ನೆ ಕೂತಿರ್ತಿದ್ದೆ, ಹೇಳೋಕೆ ಗಂಡನೇ ಮನೇಲಿ ಇರ್ತಿರಲಿಲ್ಲ, ಈಗ ದಿನಾ ಹೊಸ ಸರಕು ಬರ್ತಿದೆ' ಅಂತಾರೆ ನಿಮ್ಮನೆಯವರು. ಹೇಳುವಾಗ ಅವರ ಮುಖ ನೀವು ನೋಡ್ಬೇಕು ಸಾಹೇಬ್ರೇ." ಹಿಂದೆಯೇ ಸೇರಿಸಿದರು. "ಆದ್ರೆ ನೀವಿದ್ರೆ ಅದು ಕಾಣಲ್ಲ. ಅದೇ ತೊಂದ್ರೆ."

ಸಾಹೇಬರು ಮಂಡಿನೋವಿನ ನೆಪ ಹೇಳಿ ಮನೆಯಲ್ಲಿ ಉಳಿದರು. ಮತ್ತೆ ಮಧ್ಯಾಹ್ನಗಳು ಉದ್ದವಾದವು. ಆದರೆ ಈಗ ಆ ಉದ್ದದ ತುದಿಯಲ್ಲಿ ಒಂದು ಜವಾಬ್ದಾರಿ ಇತ್ತು. ಆ ಮೇಜಿಗೆ ಸರಕು ಒದಗಬೇಕು. ಒಂದು ದಿನ ಬೇಕೆಂದೇ ಅಂಗಿಯನ್ನು ತಿರುವುಮುರುವಾಗಿ ತೊಟ್ಟು ಕೂತರು. ಆಕೆ ಬಂದು ನೋಡಿ, "ಅಂಗಿ ಸರಿ ಮಾಡ್ಕೊಳ್ಳಿ," ಎಂದು ಒಳಗೆ ಹೋದರು. ಇನ್ನೊಂದು ದಿನ ಚಹಾಕ್ಕೆ ಉಪ್ಪು ಹಾಕಿದರು. ಆಕೆ ಸುಮ್ಮನೆ ಚೆಲ್ಲಿ ಬೇರೆ ಮಾಡಿದರು. ತಮಾಷೆಯ ವಿಷಯದಲ್ಲಿ ಆಕೆಯ ಹತ್ತಿರ ಮೋಸ ನಡೆಯುತ್ತಿರಲಿಲ್ಲ.

ಸೋತು ಕೈಚೆಲ್ಲಿದ ಸಾಹೇಬರು, ಕೊನೆಗೆ ಯಾವ ಹಂಚಿಕೆಯೂ ಇಲ್ಲದೆ, ನಿಜಕ್ಕೂ ಮನಸ್ಸಾಗಿ ಒಂದು ಕೆಲಸಕ್ಕೆ ಇಳಿದರು. ಆಕೆಯ ಕುರ್ಚಿಯ ಹಿಂದಿನ ಗೋಡೆ ಖಾಲಿಯಿತ್ತು. ಚಳಿ ಮುಗಿಯುತ್ತಾ ಬಂದಿತ್ತು. ಆಕೆ ಬರುವುದರೊಳಗೆ ಅಲ್ಲೊಂದು ಹೂಬಿಟ್ಟ ಕೊಂಬೆ ಮಾಡಿಡೋಣವೆಂದು ಗುಲಾಬಿ ಕಾಗದ ತಂದು ಹೂ ಸುತ್ತಿದರು. ಹೂವೇನೋ ಹೂವಿನ ಹಾಗೇ ಆಯಿತು, ಪವಾಡ! ಆದರೆ ಬಾಟಲಿ ಅಂಟು ಆ ಸುಣ್ಣದ ಗೋಡೆಗೆ ಹಿಡಿಯಲಿಲ್ಲ. ಹಚ್ಚಿದ ಹೂವೆಲ್ಲ ಉದುರಿ, ಬಂದ ವಸಂತ ಮತ್ತೆ ಶಿಶಿರವಾಯಿತು. ಸಾಹೇಬರು ಚಪ್ಪಲಿ ಅಂಟಿಸುವ ಅಂಟು ಹುಡುಕಿ ತಂದರು. ಧಾರಾಳವಾಗಿ ಬಳಿದು, ಅಂಗೈಯಗಲ ಒತ್ತಿ ಹಿಡಿದು, ಅದರ ಚೀಟಿಯಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹಿಡಿದರು.

ಹೂ ನಿಂತಿತು. ಕೈಯೂ ನಿಂತಿತು.

ಆಕೆ ಬಾಗಿಲು ತೆರೆದಾಗ ಸಾಹೇಬರು ಗೋಡೆಗೆ ಆಶೀರ್ವಾದ ಮಾಡುವವರ ಹಾಗೆ ನಿಂತಿದ್ದರು. ಮೀಸೆಯಲ್ಲೊಂದು ಗುಲಾಬಿ ಎಸಳು. ಆಕೆ ಚೀಲ ಕೆಳಗಿಟ್ಟರು.

"ಏನ್ರೀ ಇದು?"

"ನಿನಗೇಂತ... ವಸಂತ," ಎಂದರು ಸಾಹೇಬರು.

ಮೊದಲು ಆಕೆಯ ಭುಜ ಅಲುಗಿತು. ಆಮೇಲೆ ಒಂದು ಬಿಕ್ಕಳಿಕೆ. ನಗು ಮೇಲೇರಿ ಮೇಲೇರಿ, ಆಕೆ ಕುರ್ಚಿ ಹಿಡಿದು ಕೂತು, "ಅಯ್ಯೋ ಸಾಕಪ್ಪಾ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ಗೋಡೆ ನೋಡಿದರು, ಮತ್ತೆ ನಕ್ಕರು. ಸಾಹೇಬರು ಕುತ್ತಿಗೆ ತಿರುಗಿಸಲು ಸಾಧ್ಯವಾದಷ್ಟು ತಿರುಗಿಸಿ ಆ ಮುಖ ನೋಡಿದರು.

"ಬಿಸಿನೀರು ತರ್ತೀನಿ ಇರಿ," ಎಂದು ಎದ್ದ ಆಕೆ ಅಡುಗೆಮನೆಯವರೆಗೆ ಹೋಗಿ, ನೀರು ಒಲೆಯ ಮೇಲಿಟ್ಟು, ಹಾಗೇ ವಾಪಸು ಬಂದರು. ಕೈಯಲ್ಲಿ ಫೋನಿತ್ತು. "ನಾಳೆ ಕೂಟಕ್ಕೆ ರಜ. ನಾಡಿದ್ದಿನ ತನಕ ನನ್ನ ಕೈಲಿ ತಡೆಯೋಕಾಗಲ್ಲ."

ಕುರ್ಚಿಯನ್ನು ಗಂಡನ ಪಕ್ಕಕ್ಕೆ ಎಳೆದುಕೊಂಡು, ಅವರ ಬಿಡುವಾಗಿದ್ದ ಕೈಗೆ ಆತುಕೊಂಡು ಕೂತರು. "ಹಲೋ, ನರ್ಸಮ್ಮಾ? ಕೂತಿದ್ದೀರಾ? ಕೂತ್ಕೊಳ್ಳಿ ಮೊದಲು..." ಕಥೆ ಶುರುವಾಯಿತು. ಬಾಗಿಲು ತೆರೆದದ್ದು, ಮೀಸೆಯ ಎಸಳು, ಎಲ್ಲವೂ ಬಂದವು. ನಡೆದದ್ದಕ್ಕಿಂತ ಎರಡು ಪಟ್ಟು ಚೆನ್ನಾಗಿ ಬಂದವು.

"ಗುಲಾಬಿ ಅಲ್ಲ, ತಿಳಿಗುಲಾಬಿ ಅನ್ನು," ಎಂದು ಸಾಹೇಬರು ಮೆಲ್ಲಗೆ ತಿದ್ದಿದರು.

"ಏನಂದ್ರಿ? ಅವರಾ?" ಎಂದು ಆಕೆ ಫೋನಿಗೆ ಹೇಳಿದರು. "ಇಲ್ಲೇ ಇದ್ದಾರೆ, ಪಕ್ಕದಲ್ಲೇ. ಇಲ್ಲಪ್ಪ, ಎಲ್ಲಿಗೂ ಹೋಗಲ್ಲ ಈಗ."

ಒಳಗೆ ನೀರು ಕುದಿದು ಕುದಿದು ಅರ್ಧವಾಯಿತು. ಸಾಹೇಬರ ತೋಳು ಮರಗಟ್ಟುತ್ತಿತ್ತು. ಆಕೆ ಕೊನೆಗೊಮ್ಮೆ ಫೋನ್ ಕೆಳಗಿಟ್ಟು, "ಅಯ್ಯೋ, ನಿಮ್ಮ ಕೈ!" ಎಂದು ಧಡಕ್ಕನೆ ಏಳಹೋದರು.

"ಇರ್ಲಿ ಬಿಡೇ," ಎಂದರು ಸಾಹೇಬರು. "ಹಲ್ಲಿನ ಡಾಕ್ಟರಿಗೆ ಇನ್ನೂ ಹೇಳಿಲ್ವಲ್ಲ."