ಕೊಕ್ಕು ಕೆಸರಿನಲ್ಲಿದೆ, ಮಾಷೇ

ನವಿಲನ್ನೋ ಗಿಳಿಯನ್ನೋ ನೋಡುವ ಹವ್ಯಾಸವಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನನಗೆ ಹಿಡಿದದ್ದು ಗೊರವಗಳ ಹುಚ್ಚು. ಚಳಿಗಾಲಕ್ಕೆ ಎಲ್ಲಿಂದಲೋ ಹಾರಿ ಬಂದು ಕಡಲಂಚಿನ ಕೆಸರು ಕೆದಕುವ ಈ ಹಕ್ಕಿಗಳಲ್ಲಿ ಬಹುಪಾಲು ಕಂದು, ನೋಡಲು ಒಂದೇ ಥರ. ಅವುಗಳ ನಡುವೆ ಅಪರೂಪದ್ದೊಂದನ್ನು ಗುರುತಿಸುವುದೇ ಆಟ. ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಕೇರಳಕ್ಕೆ ಬಂದವನು ಮೊದಲು ತಿರುವನಂತಪುರದಲ್ಲಿ, ಆಮೇಲೆ ಕೊಚ್ಚಿಯಲ್ಲಿ, ಒಟ್ಟು ಏಳು ವರ್ಷ ಈ ಆಟ ಆಡಿದೆ. ಹಕ್ಕಿ ಸಿಗದ ಭಾನುವಾರಗಳು ಬಹಳ. ಫಜೀತಿ ಸಿಗದ ಭಾನುವಾರ ಒಂದೂ ನೆನಪಿಲ್ಲ.

ಗೂಢಚಾರ

ತಿರುವನಂತಪುರದ ಹತ್ತಿರ ತುಂಬಾ ಎಂಬ ಊರಿನ ಕಡಲತೀರದಲ್ಲಿ ದುರ್ಬೀನು ಹಿಡಿದು ಕೂತಿದ್ದೆ. ರಾಕೆಟ್ ಹಾರಿಸುವ ಊರು ಅದು. ಅಲ್ಲಿ ದುರ್ಬೀನು ಹಿಡಿದವನನ್ನು ಯಾರು ಸುಮ್ಮನೆ ಬಿಡುತ್ತಾರೆ? ಪೊಲೀಸಪ್ಪ ಬಂದು ನೋಟ್‌ಬುಕ್ ಕಸಿದುಕೊಂಡ. ಕನ್ನಡ ಅಕ್ಷರ ಕಂಡು ಅವನ ಅನುಮಾನ ಇನ್ನೂ ಬಲವಾಯಿತು.

"ಏನು ಬರೆದಿದ್ದೀರಿ? ಓದಿ."

ನನ್ನ ಹರಕು ಮಲಯಾಳಂನಲ್ಲಿ ಓದಿದೆ: "ಆರು ನಲವತ್ತು. ಉತ್ತರದಿಂದ ಐದು ಬಂದವು. ಏಳು ಹತ್ತು. ದೊಡ್ಡದೊಂದು ಇಳಿಯಿತು."

ಓದುತ್ತಾ ಓದುತ್ತಾ ನನಗೇ ನನ್ನ ಮೇಲೆ ಸಂಶಯ ಬಂತು. ಆತ ಮಾತ್ರ ಪುಟ ತಿರುವುತ್ತಾ ಹೋದ. ಕೊನೆಗೆ ಪುಸ್ತಕ ವಾಪಸು ಕೊಟ್ಟು, "ಹೋಗಿ ಸಾರ್" ಎಂದ.

"ನಂಬಿಕೆ ಬಂತಾ?"

"ಭಾಷೆ ಗೊತ್ತಿಲ್ಲ. ಆದರೆ ಸಾಲು ಸಾಲಿಗೂ ಪ್ರಶ್ನೆ ಚಿಹ್ನೆ ಹಾಕಿದ್ದೀರಿ. ಇಷ್ಟು ಅನುಮಾನ ಇರುವವರನ್ನು ಯಾವ ದೇಶವೂ ಗೂಢಚಾರರಾಗಿ ಇಟ್ಟುಕೊಳ್ಳುವುದಿಲ್ಲ."

ಫೋನಿನಲ್ಲಿ ಗುರು

ಕೊಚ್ಚಿಗೆ ಬಂದ ಮೇಲೆ ತ್ರಿಪ್ಪುಣಿತ್ತುರದಲ್ಲಿ ಮನೆ ಮಾಡಿದೆ. ಅಲ್ಲಿ ನನಗೊಬ್ಬ ಗುರು ಸಿಕ್ಕರು. ನಿವೃತ್ತ ಶಾಲಾ ಮೇಷ್ಟ್ರು, ಎಲ್ಲರಿಗೂ 'ಮಾಷ್'. ಅವರು ಒಪ್ಪದಿದ್ದರೆ ಯಾವ ಹಕ್ಕಿಯೂ ಅಪರೂಪದ್ದಲ್ಲ. ಮೂರು ವರ್ಷ ನಾನು ತೋರಿಸಿದ ಒಂದನ್ನೂ ಅವರು ಒಪ್ಪಲಿಲ್ಲ.

ಒಂದು ಬೆಳಿಗ್ಗೆ ಕೊಚ್ಚಿಯ ಕಡಲಂಚಿನ ಪುದುವೈಪಿನ ಕೆಸರಿನಲ್ಲಿ ನಾನೆಂದೂ ಕಾಣದ ಹಕ್ಕಿ! ಹೊಸದಾಗಿ ಕೊಂಡ ಮೊಬೈಲಿನಿಂದ ಕೂಡಲೇ ಫೋನ್ ಮಾಡಿದೆ.

"ಮಾಷೇ, ಅಪರೂಪದ್ದು! ಕಾಲು ಕಿತ್ತಳೆ ಬಣ್ಣ."

"ಕೊಕ್ಕು ನೇರವೋ, ಮೇಲಕ್ಕೆ ಬಾಗಿದೆಯೋ?"

"ಕೊಕ್ಕು ಕೆಸರಿನಲ್ಲಿದೆ, ಮಾಷೇ."

"ಹೊರಗೆ ತೆಗೆದ ಮೇಲೆ ಫೋನ್ ಮಾಡಿ" ಎಂದು ಇಟ್ಟುಬಿಟ್ಟರು.

ಐದು ನಿಮಿಷಕ್ಕೆ ಮತ್ತೆ ಮಾಡಿದೆ. "ಹಾರಿಹೋಯಿತು, ಮಾಷೇ."

"ಕೊಕ್ಕು ತೆಗೆದಾಗ ನೋಡಿದಿರಾ?"

"ಇಲ್ಲ. ಆಗ ನಿಮ್ಮ ನಂಬರ್ ಒತ್ತುತ್ತಿದ್ದೆ."

ಕಳೆದುಹೋದದ್ದು

ಒಮ್ಮೆ ಹೆಂಡತಿ, "ಪ್ರತಿ ಭಾನುವಾರ ಎಲ್ಲಿಗೆ ಹೋಗ್ತೀರಿ, ನಾನೂ ನೋಡೇ ಬಿಡ್ತೀನಿ" ಎಂದು ಜೊತೆಗೆ ಹೊರಟಳು. ವೈಟ್ಟಿಲದಲ್ಲಿ ಬಸ್ ಬದಲಿಸಿ ಪುದುವೈಪು ತಲುಪಿದೆವು. ನಾನು ಮೊಣಕಾಲುದ್ದ ಕೆಸರಿಗಿಳಿದು ಬಗ್ಗಿ ನಿಂತೆ. ದಡದಲ್ಲಿ ಮೀನು ಆರಿಸುತ್ತಿದ್ದ ನಾಲ್ವರು ಹೆಂಗಸರು, ಅಲ್ಲಿನ ಮಾತಿನಲ್ಲಿ ಚೇಚಿಯರು, ನನ್ನನ್ನೇ ನೋಡಿದರು. ಪಾಪ, ಉಂಗುರವೋ ಸರವೋ ಬಿದ್ದಿರಬೇಕು ಅಂದುಕೊಂಡು ಸೀರೆ ಎತ್ತಿ ಕಟ್ಟಿ ತಾವೂ ಹುಡುಕಲು ಇಳಿದೇಬಿಟ್ಟರು. ಇನ್ನೂರು ಹಕ್ಕಿ ಒಟ್ಟಿಗೆ ಹಾರಿಹೋದವು.

"ಸಾರ್ ಏನು ಕಳಕೊಂಡರು?" ಎಂದು ಹಿರಿಯ ಚೇಚಿ ದಡದಲ್ಲಿದ್ದ ನನ್ನವಳನ್ನು ಕೂಗಿ ಕೇಳಿದಳು.

ಮಲಯಾಳಂ ಬಾರದಿದ್ದರೂ ನನ್ನವಳಿಗೆ ಪ್ರಶ್ನೆ ಅರ್ಥವಾಯಿತು. ತನ್ನ ಹಣೆಗೆ ಎರಡು ಸಲ ಬೆರಳು ತಟ್ಟಿ ತೋರಿಸಿದಳು.

ನಾಲ್ವರೂ ಹುಡುಕುವುದನ್ನು ನಿಲ್ಲಿಸಿದರು.

ಅಪರೂಪದ ಅತಿಥಿ

ಕೊನೆಗೂ ನನ್ನ ದಿನ ಬಂತು. ಕಪ್ಪು ಬಿಳಿ ಮೈ, ಉದ್ದ ಕಾಲು, ಏಡಿ ಒಡೆಯಲು ದಪ್ಪ ಕರಿ ಕೊಕ್ಕು. ಕ್ರ್ಯಾಬ್ ಪ್ಲವರ್! ಮಾಷ್ ಕ್ಯಾಮೆರಾ ಇದ್ದ ಗೆಳೆಯನ ಜೊತೆ ಆಟೋದಲ್ಲಿ ಓಡಿ ಬಂದರು. ಹತ್ತು ನಿಮಿಷ ನೋಡಿ, ದುರ್ಬೀನು ಇಳಿಸಿ, ನನ್ನ ಕೈ ಕುಲುಕಿದರು. ನನಗೆ ಕಣ್ಣು ತುಂಬಿ ಬಂತು. ಗೆಳೆಯ ಹಕ್ಕಿಯದೊಂದು, ನನ್ನದೊಂದು ಫೋಟೋ ತೆಗೆದು ಸ್ಥಳೀಯ ಪತ್ರಿಕೆಗೆ ಕೊಟ್ಟ.

ಎರಡು ದಿನದ ನಂತರ ಬ್ಯಾಂಕಿನೊಳಗೆ ಕಾಲಿಟ್ಟರೆ ಎಲ್ಲರೂ ಮುಸಿಮುಸಿ ನಗುತ್ತಿದ್ದಾರೆ. ದಿನವೂ ನನ್ನ ಜೊತೆ ಊಟಕ್ಕೆ ಕೂರುವ ಕ್ಯಾಷಿಯರ್ ಮಾತ್ರ ಮುಖ ಊದಿಸಿಕೊಂಡಿದ್ದ.

"ಸಾರೇ, ಮೂರು ವರ್ಷದಿಂದ ನಿಮಗಾಗಿ ಮೀನು ಬಿಟ್ಟು ಸಸ್ಯಾಹಾರಿ ಹೋಟೆಲಿಗೆ ಬರುತ್ತಿದ್ದೇನೆ. ಒಂದು ಮಾತು ಹೇಳಬಾರದಿತ್ತೇ?" ಎಂದು ಪತ್ರಿಕೆ ಮುಂದೆ ಹಿಡಿದ. ನನಗೆ ಆ ಲಿಪಿ ಬಾರದು. ಮನೆಗೆ ತಂದು ಮಗಳ ಕೈಗೆ ಕೊಟ್ಟೆ. ಕೊಚ್ಚಿಯಲ್ಲೇ ಓದುತ್ತಿರುವ ಅವಳು ನನ್ನ ಫೋಟೋದ ಕೆಳಗಿನದನ್ನು ಅಮ್ಮನಿಗೆ ಅರ್ಥ ಹೇಳುತ್ತಾ ಓದಿದಳು:

"ಪುದುವೈಪಿಗೆ ಬಂದ ಅಪರೂಪದ ಅತಿಥಿ. ಉದ್ದ ಕಾಲು. ಏಡಿಯೇ ಮುಖ್ಯ ಆಹಾರ. ಗುಂಪಿನಿಂದ ತಪ್ಪಿಸಿಕೊಂಡು ಬಂದಿರಬೇಕು."

ಹಕ್ಕಿಯ ಕೆಳಗೆ: "ಬ್ಯಾಂಕ್ ಅಧಿಕಾರಿ. ಊರು ಧಾರವಾಡ. ಪತ್ನಿ, ಒಬ್ಬ ಮಗಳಿದ್ದಾರೆ."

ಏಳು ವರ್ಷದ ಮೇಲೆ ಬಂದ ಕೀರ್ತಿ! ನಾನು ತಲೆ ಮೇಲೆ ಕೈಹೊತ್ತು ಕೂತೆ. ಹೆಂಡತಿ ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಹೋಗ್ಲಿ ಬಿಡ್ರಿ, ಅದಕ್ಯಾಕ ಇಷ್ಟು ಬ್ಯಾಸರಾ? ಲಗ್ನದ ಫೋಟೋಕ್ಕಿಂತ ಇದ್ರಾಗ ಎಷ್ಟು ಛಲೋ ಕಾಣ್ತೀರಿ" ಎಂದಳು.

ಸ್ವಲ್ಪ ಸಮಾಧಾನವಾಗಿ ಬಗ್ಗಿ ನೋಡಿದೆ. ಅವಳ ಬೆರಳು ಇದ್ದದ್ದು ಹಕ್ಕಿಯ ಮೇಲೆ.