ಮಣ್ಣಿಲ್ಲದ ಸೊಪ್ಪು, ಮಾದಪ್ಪನ ಪರ್ಸೆ

ಮೊದಲೇ ಹೇಳಿಬಿಡುತ್ತೇನೆ. ತಪ್ಪು ಪಂಪಿನದಲ್ಲ, ಪೈಪಿನದಲ್ಲ, ಗಿಡಗಳದ್ದಂತೂ ಅಲ್ಲವೇ ಅಲ್ಲ. ಪೂರ್ತಿ ನನ್ನದು. ರೇಷ್ಮೆ ಗೂಡು ಬೇಯಿಸಿದ ನೀರನ್ನು ಕೊತ್ತಂಬರಿಗೆ ಕುಡಿಸಬಹುದು ಎಂಬ ಆಲೋಚನೆ ಇಡೀ ಕೊಳ್ಳೇಗಾಲದಲ್ಲಿ ಬಂದದ್ದು ನನ್ನೊಬ್ಬನ ತಲೆಗೆ. ಬಂದಾಗ ಮೈ ಜುಮ್ಮೆಂದಿತ್ತು ಕೂಡ.

ನನಗಿರುವ ವಿದ್ಯೆ ಒಂದೇ, ಇನ್ನೊಬ್ಬರ ಹಾಗೆ ಮಾತಾಡುವುದು. ಕೆಲಸ ಸೀರೆ ಅಂಗಡಿಯಲ್ಲಿ. ಗಿರಾಕಿ ಮೆಟ್ಟಿಲಿಳಿಯುವಷ್ಟರಲ್ಲಿ ಅವರ ದನಿ ನನ್ನ ಬಾಯಲ್ಲಿರುತ್ತದೆ. ಬಸ್ ಕಂಡಕ್ಟರು, ನಮ್ಮವ್ವ, ಮಧುವನಹಳ್ಳಿಯ ಬಸವಣ್ಣ ಮಾವ, ಯಾರನ್ನೂ ಬಿಟ್ಟಿಲ್ಲ. ಎಲ್ಲರೂ ನಗುತ್ತಾರೆ. ನಗದವರು ಒಬ್ಬರೇ, ಮಾವನ ಹೆಂಡತಿ ಗೌರತ್ತೆ. ಅತ್ತೆ ಕೋಳಿ ಕರೆಯುವ ದನಿಯನ್ನು ಅವರೆದುರೇ ಮಾಡಿ ತೋರಿಸಿದೆ. ಕೋಳಿಗಳು ಓಡಿಬಂದವು. ಅತ್ತೆಯ ತುಟಿ ಅಲ್ಲಾಡಲಿಲ್ಲ.

ಹೀಗಿರುವಾಗ ಮೊಬೈಲಿನಲ್ಲಿ ಒಬ್ಬ ಮಹಾನುಭಾವ ಸಿಕ್ಕಿದ. ಯಾವ ವಿಡಿಯೋ ತೆಗೆದರೂ ಒಂದೇ ಶುರು: “ನಮಸ್ಕಾರ ಸ್ನೇಹಿತರೇ! ಮಣ್ಣಿಲ್ಲದೆ ಸೊಪ್ಪು ಬೆಳೆಯೋದು ಹೇಗೆ ಅಂತ ನೋಡೋಣ ಬನ್ನಿ!” ಅವನ ದನಿ ಕಲಿಯಲೆಂದೇ ನೋಡತೊಡಗಿದೆ. ದನಿಯ ಜೊತೆಗೆ ಹುಚ್ಚೂ ಅಂಟಿಕೊಂಡಿತು.

ಪೈಪಿಗೆ ಸಾಲಾಗಿ ತೂತು ಕೊರೆಯುವುದು. ತೂತಿಗೊಂದು ಜಾಲರಿ ಲೋಟ, ಲೋಟದೊಳಗೆ ತೆಂಗಿನ ನಾರಿನ ಪುಡಿ, ಅದರಲ್ಲಿ ಸಸಿ. ಗೊಬ್ಬರ ಬೆರೆಸಿದ ನೀರನ್ನು ಪಂಪು ಪೈಪಿನಲ್ಲಿ ಸುತ್ತಿಸುತ್ತಲೇ ಇರುತ್ತದೆ, ಬೇರು ಕುಡಿಯುತ್ತಲೇ ಇರುತ್ತದೆ. ಇಷ್ಟೇ. ಹನೂರಿನ ಗೆಳೆಯನ ಮನೆಯ ಹಿತ್ತಲಲ್ಲಿ ಬಿದ್ದಿದ್ದ ಪೈಪು ತಂದೆ. ಯಳಂದೂರಿನ ಚಿಕ್ಕಮ್ಮನ ಕೂಲರಿನಿಂದ ಪಂಪು ಬಿಚ್ಚಿ ತಂದೆ. ಚಳಿಗಾಲದಲ್ಲಿ ಕೂಲರು ಯಾರಿಗೆ ಬೇಕು? ತಾರಸಿಯ ಮೇಲೆ ಎಲ್ಲ ಜೋಡಿಸಿ ಸ್ವಿಚ್ಚು ಹಾಕಿದೆ. ನೀರು ಹರಿಯಿತು. ನನ್ನ ಮೇಲೆಯೇ.

ಸೋರುವ ಕಡೆಯೆಲ್ಲ ಅಂಟಿಸಿದ ಮೇಲೆ ನಿಜವಾಗಿಯೂ ಪವಾಡ ನಡೆಯಿತು. ಕೊತ್ತಂಬರಿ ಬಂತು, ಪಾಲಕ್ ಬಂತು, ದಂಟು ಬಂತು. ಪುದೀನ ಲೋಟ ಮೀರಿ ಹಬ್ಬಿತು. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ತಾರಸಿಗೆ ಓಡುತ್ತಿದ್ದೆ. ಬೇರು ಎತ್ತಿ ನೋಡುವುದು, ಬಿಳುಪಾಗಿ ನೂಲಿನಂತಿದೆ ಎಂದು ಅವ್ವನನ್ನು ಕೂಗುವುದು.

“ದಿನಾ ಬುಡ ಕಿತ್ತು ನೋಡುದ್ರೆ ಅದು ಎಂಗ್ಲಾ ಬದುಕ್ತದೆ?” ಅನ್ನುತ್ತಿದ್ದಳು ಅವ್ವ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಗೌರವಾನ್ವಿತ ವ್ಯಕ್ತಿ. ಆದರೆ ಖುಷಿ ತಡೆಯಲಾರದೆ ಮಾವನಿಗೆ ಫೋನು ಮಾಡಿದೆ. ಶಿವರಾತ್ರಿಯ ಹೊತ್ತಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರ್ಸೆಯವರಿಗೆ ಮಾವ ಪ್ರತಿವರ್ಷ ತಮ್ಮ ಹೊಲದ ಮುಂದೆ ರಸ್ತೆ ಬದಿಯಲ್ಲಿ ಊಟಕ್ಕಿಕ್ಕುತ್ತಾರೆ. ಮುದ್ದೆ, ಮಸ್ಸೊಪ್ಪಿನ ಸಾರು. ಮಾವನ ಅಪ್ಪನ ಕಾಲದಿಂದ ತಪ್ಪಿಲ್ಲ. ಸೊಪ್ಪು ಅದಕ್ಕೆಂದೇ ಬಿತ್ತಿದ ಮಡಿಯದು.

“ಮಾವ, ಈ ಸಲ ಸೊಪ್ಪು ಬಿತ್ತಬ್ಯಾಡ. ಪರ್ಸೆಗೆ ಸೊಪ್ಪು ನಂದು.”

“ನಿಂದಾ? ನಿನ್ ಒಲ ಎಲ್ಲದೆಲಾ?”

ಫೋನಿನಲ್ಲೇ ಗಂಟಲು ಸರಿಮಾಡಿಕೊಂಡು ಮಹಾನುಭಾವನ ದನಿಯಲ್ಲಿ ಒಪ್ಪಿಸಿದೆ: “ನಮಸ್ಕಾರ ಸ್ನೇಹಿತರೇ! ಮಣ್ಣಿಲ್ಲದೆ ಸೊಪ್ಪು ಬೆಳೆಯೋದು ಹೇಗೆ ಅಂತ ನೋಡೋಣ ಬನ್ನಿ!”

ಮಾವ ಬಿದ್ದು ಬಿದ್ದು ನಕ್ಕರು. ಸ್ಪೀಕರಿನಲ್ಲಿ ಗೌರತ್ತೆಯೂ ಕೇಳುತ್ತಿದ್ದರಂತೆ. ನಗಲಿಲ್ಲವಂತೆ. ಮಾವ ಸೊಪ್ಪಿನ ಮಡಿಗೆ ಟೊಮೇಟೊ ನೆಟ್ಟರು.

ಪರ್ಸೆ ಹತ್ತಿರವಾಗುತ್ತಿದ್ದಂತೆ ಗೊಬ್ಬರದ ಬಾಟಲಿ ಖಾಲಿಯಾಯಿತು. ತರಿಸಿದ ಪಾರ್ಸೆಲ್ಲು ಎಲ್ಲೋ ದಾರಿಯಲ್ಲಿ ಯಾತ್ರೆ ಮಾಡುತ್ತಿತ್ತು. ಚಿಂತೆಯಲ್ಲಿ ಬೀದಿಗೆ ಬಂದರೆ, ಪಕ್ಕದ ಮನೆಯ ರಾಜಣ್ಣ ಬಕೆಟ್ ಹಿಡಿದು ಮೋರಿಯ ಕಡೆ ಹೊರಟಿದ್ದ. ರಾಜಣ್ಣ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವವನು. ಬಕೆಟ್ಟಿನಲ್ಲಿ ಗೂಡು ಬೆಂದ ನೀರು, ಮಂದವಾಗಿ, ಕಂದು ಬಣ್ಣದಲ್ಲಿ, ಗೊಬ್ಬರವೇ ಕರಗಿ ಕುಳಿತಂತೆ.

“ಚೆಲ್ಲಬ್ಯಾಡ ರಾಜಣ್ಣ. ಗಿಡಕ್ಕೆ ಕೊಡು. ಹುಳ ತಿಂದ ಸೊಪ್ಪಿನ ಸಾರವೆಲ್ಲ ಇದ್ರಲ್ಲೇ ಅದೆ.”

“ನಾ ದಿನಾ ಮೋರಿಗ್ ಚೆಲ್ತೀನಿ. ಮೋರೀಲಿ ಒಂದಿನಾನೂ ಕೊತ್ತುಂಬ್ರಿ ಬೆಳೀಲಿಲ್ವಲ್ಲಾ?”

“ಮೋರಿಗೆ ಪಂಪಿಲ್ಲ,” ಅಂದೆ.

ರಾಜಣ್ಣ ಬಕೆಟ್ ನನ್ನ ಕೈಗಿಟ್ಟ.

ಗೂಡಿನ ನೀರಿನಲ್ಲಿ ರೇಷ್ಮೆಯ ಗೋಂದು ಕರಗಿರುತ್ತದೆ. ಈ ಊರಲ್ಲೇ ಹುಟ್ಟಿ, ರೇಷ್ಮೆ ಸೀರೆಯನ್ನೇ ಮಾರುವ ನನಗೆ ಇದು ಹೊಳೆಯಬೇಕಿತ್ತು. ಪಂಪಿಗೆ ಹೊಳೆಯಿತು. ಮೊದಲು ಅಜ್ಜನಂತೆ ಗೊರಗೊರ ಅಂದಿತು, ಆಮೇಲೆ ಕೆಮ್ಮಿತು, ಆಮೇಲೆ ಸುಮ್ಮನಾಯಿತು. ಬಿಳಿ ಬೇರುಗಳೆಲ್ಲ ಒಂದಕ್ಕೊಂದು ಅಂಟಿ ಜಡೆಯಾದವು. ನಿಂತ ನೀರು ಬಿಸಿಲಿಗೆ ಕೊಳೆಯಿತು. ತಾರಸಿಯ ಮೇಲೆ ಕಾಗೆಗಳ ಸಭೆ. ಕೆಳಗೆ ಬೀದಿ ನಾಯಿಗಳು ಮೂತಿ ಎತ್ತಿ ನಮ್ಮ ಮನೆಯನ್ನೇ ಭಕ್ತಿಯಿಂದ ನೋಡುತ್ತಿದ್ದವು.

“ಎಲ್ಲೋ ಎಗ್ಗಣ ಸತ್ತದೆ,” ಎಂದು ಅವ್ವ ತೀರ್ಪು ಕೊಟ್ಟಳು. “ಅಟ್ಟದ್ ಸಾಮಾನು ಇಳ್ಸಿ ನೋಡ್ಲಾ.”

ಇಳಿಸಿದೆ. ಟ್ರಂಕು ಸರಿಸಿದೆ. ರಾಗಿ ಚೀಲದ ಹಿಂದೆ ಟಾರ್ಚು ಬಿಟ್ಟೆ. ಸತ್ತದ್ದು ಏನು, ಎಲ್ಲಿ ಎಂದು ಗೊತ್ತಿದ್ದೂ ಹೆಗ್ಗಣವನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಕೊನೆಗೆ ಅವ್ವ ಬಟ್ಟೆ ಒಣಹಾಕಲು ತಾರಸಿಗೆ ಹೋದಳು. ಅವಳು ಕೂಗಿದ್ದು ಏನೆಂದು ಇಲ್ಲಿ ಬರೆಯುವಂತಿಲ್ಲ. ಆ ದನಿಯನ್ನಂತೂ ಇನ್ನೂ ಯಾರ ಮುಂದೂ ಮಾಡಿಲ್ಲ.

ನೀರು ಬದಲಿಸಿದೆ, ಬೇರು ತೊಳೆದೆ, ಮಾದಪ್ಪನಿಗೆ ಕೈಮುಗಿದೆ. ಇವತ್ತು ಚಿಗುರುತ್ತದೆ, ನಾಳೆ ಚಿಗುರುತ್ತದೆ ಎಂದು ಮಾವನಿಗೆ ಫೋನೇ ಮಾಡಲಿಲ್ಲ. ಚಿಗುರಿದ್ದು ಒಂದು ಲೋಟ ಪುದೀನ.

ಅದನ್ನೇ ಹಿಡಿದು ಊಟದ ದಿನ ಮಧುವನಹಳ್ಳಿಯಲ್ಲಿ ಬಸ್ಸಿಳಿದೆ. ಶಾಮಿಯಾನ ಕಟ್ಟಿತ್ತು. ಒಲೆಯ ಮೇಲೆ ದೊಡ್ಡ ಹಂಡೆ. ದೂರದಲ್ಲಿ “ಉಘೇ ಮಾದಪ್ಪ” ಕೇಳುತ್ತಿತ್ತು. ಮಾವ ನನ್ನ ಬೆನ್ನ ಹಿಂದೆ ಇಣುಕಿದರು.

“ಸೊಪ್ಪಿನ ಆಟೋ ಎಲ್ಲಿ ನಿಲ್ಸಿದ್ದಯ್ಲಾ?”

ಲೋಟ ಮುಂದೆ ಹಿಡಿದೆ.

“ಇದೇನು, ಸ್ಯಾಂಪಲ್ಲಾ?”

“ಇದೇ ಬೆಳೆ, ಮಾವ.”

ಮಾವನ ಮುಖ ಸಣ್ಣದಾಯಿತು. ಅಪ್ಪನ ಕಾಲದಿಂದ ಬಂದದ್ದು ಇವತ್ತು ತಪ್ಪುತ್ತದೆ, ಅದೂ ಪರ್ಸೆ ರಸ್ತೆ ತಿರುವಿಗೆ ಬಂದ ಹೊತ್ತಿನಲ್ಲಿ. ನನ್ನ ಬಾಯಲ್ಲಿ ಮೊದಲ ಸಲ ಯಾರ ದನಿಯೂ ಇರಲಿಲ್ಲ.

ಗೌರತ್ತೆ ಬಂದರು. ಲೋಟದಿಂದ ಪುದೀನ ಕಿತ್ತು, ಮೂಸಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, ಮುದ್ದೆಗೆ ನೀರು ಕಾಯುತ್ತಿದೆ ಎಂದೇ ಮಾವ ನಂಬಿದ್ದ ಹಂಡೆಯ ಮುಚ್ಚಳ ಸರಿಸಿದರು. ಒಳಗೆ ಹುರುಳಿ ಸಾರು ಗಳಗಳ ಕುದಿಯುತ್ತಿತ್ತು. ಹುರುಳಿಯನ್ನು ಹಿಂದಿನ ದಿನವೇ, ಮಾವನಿಗೂ ಹೇಳದೆ ನೆನೆಹಾಕಿದ್ದರಂತೆ. ಮಾವ ಬಾಯಿ ತೆರೆದು ನಿಂತರು. ಅತ್ತೆ ಸೌಟನ್ನು ಮೈಕಿನಂತೆ ಬಾಯಿಗೆ ಹಿಡಿದು, ಶಾಮಿಯಾನದವರೆಲ್ಲ ತಿರುಗಿ ನೋಡುವಂತೆ, ಥೇಟ್ ನನ್ನದೇ ದನಿಯಲ್ಲಿ ಅಂದರು:

“ನಮಸ್ಕಾರ ಸ್ನೇಹಿತರೇ! ಮಣ್ಣಿಲ್ಲದೆ ಸೊಪ್ಪು ಬೆಳೆಯೋದು ಹೇಗೆ ಅಂತ ನೋಡಿದ್ರಿ. ಈಗ ಸೊಪ್ಪಿಲ್ಲದೆ ಸಾರು ಕಾಯಿಸೋದು ಹೇಗೆ ಅಂತ ನೋಡೋಣ ಬನ್ನಿ!”