ಎರಡು ಕ್ಯಾಮೆರಾ, ಒಂದು ಗಂಧದ ಹಾರ

ಆಘಾತಗಳಿಗೆ ನಾನು ಸದಾ ಸಿದ್ಧನಾಗಿರುವ ಮನುಷ್ಯ. ಮನೆಯಿಂದ ಹೊರಟರೆ ಗ್ಯಾಸ್ ಆಫ್ ಮಾಡಿದೆವೋ ಇಲ್ಲವೋ ಎಂದು ಗೇಟಿನಿಂದ ವಾಪಸು ಬರುತ್ತೇನೆ. ಮೆಟ್ರೋ ಸುರಂಗಕ್ಕೆ ನುಗ್ಗಿದ ಕೂಡಲೇ ಈಗ ಕರೆಂಟು ಹೋದರೆ ಏನು ಗತಿ ಎಂದು ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೇನೆ. ವಿಮಾ ಕಚೇರಿಯ ಕೆಲಸ ಬೇರೆ. ಜನರಿಗೆ ಏನೇನು ಆಗಬಹುದು ಎಂಬುದನ್ನು ಓದುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಇಷ್ಟೆಲ್ಲ ಮುಂಜಾಗ್ರತೆ ಇದ್ದೂ, ಕಳೆದ ತಿಂಗಳು ನನಗಾದ ಆಘಾತವೊಂದನ್ನು ನಾನು ಕನಸಿನಲ್ಲೂ ಊಹಿಸಿರಲಿಲ್ಲ. ಅದು ಶುರುವಾದದ್ದು ಕ್ಯಾಮೆರಾದಿಂದ.

ಹೊಸ ಮಿರರ್‌ಲೆಸ್ ಕ್ಯಾಮೆರಾ ಒಂದನ್ನು ಕೊಂಡಿದ್ದೆ. ಹೊಸಬರಿಗೆಂದೇ ಮಾಡಿದ, ಆ ಜಾತಿಯಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಹಳೆಯ ಕ್ಯಾಮೆರಾಗಳ ಒಳಗೊಂದು ಕನ್ನಡಿ ಇರುತ್ತಿತ್ತು, ಇದರಲ್ಲಿ ಇಲ್ಲ ಎಂದು ನನ್ನ ಹೆಂಡತಿ ಗಿರಿಜಾಗೆ ವಿವರಿಸಿದೆ. "ಇರೋದನ್ನ ತೆಗೆದುಬಿಟ್ಟು ಅದಕ್ಕೆ ಜಾಸ್ತಿ ದುಡ್ಡು ತಗೊಂಡ್ರಾ?" ಎಂದು ಕೇಳಿದಳು. ಲೆನ್ಸನ್ನು ಬೇಕಾದಂತೆ ಬದಲಿಸಬಹುದು ಎಂಬ ಒಂದೇ ಕಾರಣಕ್ಕೆ ನಾನದನ್ನು ಕೊಂಡದ್ದು. ಆದರೆ ಲೆನ್ಸ್ ಬಿಚ್ಚಿದಾಗ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಧೂಳು ಕೂತರೆ ಮುಗಿಯಿತು ಎಂದು ಯಾರೋ ವಿಡಿಯೋದಲ್ಲಿ ಹೆದರಿಸಿದರು. ನಮ್ಮ ಬಸವೇಶ್ವರನಗರದಲ್ಲಿ ಧೂಳಿಲ್ಲದ ಜಾಗ ಎಲ್ಲಿದೆ? ಹಾಗಾಗಿ ಕೊಂಡ ದಿನದಿಂದ ಇವತ್ತಿನವರೆಗೆ ಆ ಲೆನ್ಸನ್ನು ನಾನು ಅಲುಗಾಡಿಸಿಲ್ಲ.

ಹಳೆಯ ಪುಟ್ಟ ಕ್ಯಾಮೆರಾ ಒಂದಿತ್ತು. ಅಂಗಿಯ ಜೇಬಿಗೆ ಹಿಡಿಸುವಂಥದ್ದು, ಮಗಳು ಸ್ಫೂರ್ತಿ ಅಂಬೆಗಾಲಿಡುವಾಗ ಕೊಂಡದ್ದು. ಸ್ವಿಚ್ಚು ಒತ್ತಿದರೆ ಅದರ ಮೂತಿ ಬೆಳಗಿನ ಹೊತ್ತಿನ ನನ್ನ ಮಂಡಿಯಂತೆ ಸದ್ದು ಮಾಡುತ್ತ ಹೊರಗೆ ಬರುತ್ತದೆ. ಬ್ಯಾಟರಿಯ ಮುಚ್ಚಳ ಮುರಿದಿದ್ದರಿಂದ ಹಾಲಿನ ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡ್ ಹಾಕಿದ್ದೇವೆ. ಅದನ್ನು ಹಳೆ ಸಾಮಾನಿನವರಿಗೆ ಕೊಡಲು ಹೊರಟಾಗ ಸ್ಫೂರ್ತಿ ಕೈಯಿಂದ ಕಿತ್ತುಕೊಂಡಳು. "ಅಪ್ಪ, ನಿಂಗೆ ಬುದ್ಧಿ ಇದ್ಯಾ? ನಮ್ ಕಾಲೇಜಲ್ಲಿ ಈಗ ಹಳೇ ಕ್ಯಾಮೆರಾನೇ ಫ್ಯಾಷನ್, ಎಲ್ಲರೂ ಇದನ್ನೇ ಹುಡುಕ್ತಾ ಇದಾರೆ. ನಿನ್ನ ಹೊಸದು ಬೇಕಾದ್ರೆ ಅವರಿಗೆ ಕೊಟ್ಬಿಡು." ನನಗಾದ ಮೊದಲ ಆಘಾತ ಅದು. ವಾರಗಟ್ಟಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎಲ್ಲದರಲ್ಲೂ ಹೊಸದೇ ಮೇಲು ಎಂದು ತೀರ್ಮಾನಕ್ಕೆ ಬಂದಿದ್ದವನು ನಾನು.

ಎರಡನೆಯ ಆಘಾತ ಕೊಟ್ಟವರು ನಮ್ಮ ಅತ್ತೆ. ಹಾವೇರಿ ಕಡೆಯವರು, ನಮ್ಮ ಜೊತೆಗೇ ಇದ್ದಾರೆ. ಒಂದು ಭಾನುವಾರ ನಾನು ಅವಲಕ್ಕಿ ತಿನ್ನುತ್ತಿದ್ದಾಗ ಇಳಕಲ್ ಸೀರೆ ಉಟ್ಟು, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದು ಎದುರಿಗೆ ಕೂತರು.

"ಅಳಿಯಂದ್ರ, ಹೊಸಾ ಕ್ಯಾಮೆರಾದಾಗ ನಂದೊಂದು ಫೋಟೋ ತಗೀರಿ. ನಾ ಹೋದ ಮ್ಯಾಲ ಹಾರ ಹಾಕ್ತೀರಲ್ಲ, ಅದಕ್ಕ."

ಅವಲಕ್ಕಿ ತಟ್ಟೆ ಕೆಳಗಿಟ್ಟೆ. "ಅತ್ತೆ, ಬೆಳಿಗ್ಗೆ ಬೆಳಿಗ್ಗೆ ಏನ್ ಮಾತು ಆಡ್ತೀರಿ?"

"ಮತ್ತ ಯಾವಾಗ ಆಡ್ಲಿ? ಹೋದ ಮ್ಯಾಲ ಆಡಾಕ ಬರ್ತದೇನು? ನಮ್ಮ ತಂಗಿ ಫೋಟೋ ನೋಡೀರಲ್ಲ. ಯಾರದೋ ಮದವಿ ಫೋಟೋದಾಗಿಂದ ಕತ್ತರಿಸ್ಯಾರ. ಹೆಗಲ ಮ್ಯಾಲ ಇನ್ನೊಬ್ಬರ ಕೈ ಹಂಗ ಉಳದದ. ಬಂದವರೆಲ್ಲ ಆ ಕೈಗೂ ಸೇರಿಸಿ ನಮಸ್ಕಾರ ಮಾಡ್ತಾರ."

ಆ ಫೋಟೋ ನನಗೆ ಗೊತ್ತು. ಆ ಕೈಗೆ ವಾಚು ಬೇರೆ ಇದೆ.

ಅತ್ತೆಯನ್ನು ನಡುಮನೆಯ ಕುರ್ಚಿಯಲ್ಲಿ ಕೂರಿಸಿದೆ. ಹಿಂದಿನ ಗೋಡೆಯಲ್ಲಿ ಮಾವನವರ ಫೋಟೋ ಇದೆ. ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡವರು. ಕಪ್ಪು ಮೀಸೆ, ಅಗಲವಾದ ಹಣೆ, ಯಾವ ಕೋನದಿಂದ ನೋಡಿದರೂ ನನಗಿಂತ ಚಿಕ್ಕವರು. ಹೊಸ ಕ್ಯಾಮೆರಾಗೆ ಮನುಷ್ಯರ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ವಿದ್ಯೆ ಬರುತ್ತದೆ. ಕಣ್ಣಿನ ಮೇಲೆ ಒಂದು ಪುಟ್ಟ ಚೌಕ ಮೂಡುತ್ತದೆ. ಅತ್ತೆಯ ದಪ್ಪ ಕನ್ನಡಕದಲ್ಲಿ ಕಿಟಕಿ ಫಳಫಳ ಹೊಳೆಯುತ್ತಿದ್ದುದರಿಂದ ಆ ಚೌಕ ಅವರನ್ನು ಬಿಟ್ಟು ಸೀದಾ ಗೋಡೆಗೆ ಹೋಗಿ ಮಾವನವರ ಕಣ್ಣಿನ ಮೇಲೆ ಕೂತಿತು. ಕ್ಯಾಮೆರಾ ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ, ಬಿಡಲೊಲ್ಲದು. ವಿಷಯ ತಿಳಿಸಿದರೆ ಅತ್ತೆ ತಿರುಗಿ ಗೋಡೆ ನೋಡಿ, "ಹಂಗ ಅವ್ರು. ಇದ್ದಾಗೂ ಎಲ್ಲಾರೂ ಮೊದಲು ಅವರನ್ನ ನೋಡ್ತಿದ್ರು," ಎಂದರು.

ಕನ್ನಡಕ ತೆಗೆಸಿ ಅಂತೂ ಒಂದು ಫೋಟೋ ತೆಗೆದೆ. ಏನು ಫೋಟೋ ಅದು! ಹೆಮ್ಮೆಯಿಂದ ಟಿವಿಗೆ ಜೋಡಿಸಿ ದೊಡ್ಡದು ಮಾಡಿ ತೋರಿಸಿದೆ. ಹುಬ್ಬಿನ ಒಂದೊಂದು ಕೂದಲು, ಗಲ್ಲದ ಗೆರೆಗಳು, ಗೆರೆಗಳ ಒಳಗಿನ ಗೆರೆಗಳು, ವಿಭೂತಿಯ ಕಣಕಣ, ಎಲ್ಲ ಎಣಿಸುವ ಹಾಗಿತ್ತು. ಅತ್ತೆ ಬಹಳ ಹೊತ್ತು ನೋಡಿದರು. ಆಮೇಲೆ ಟಿವಿಯನ್ನು ಬಿಟ್ಟು ಗೋಡೆಯ ಕಡೆ ನೋಡಿದರು.

"ಬ್ಯಾಡ್ರಿ ಇದು."

"ಯಾಕೆ ಅತ್ತೆ? ಇದ್ದ ಹಾಗೇ ಬಂದಿದೆ."

"ಅದಕ್ಕ ಬ್ಯಾಡ. ನಾಳೆ ಅವರ ಬಾಜೂ ನನ್ನ ಹಾಕ್ತೀರಿ. ಈ ಫೋಟೋ ಹಾಕಿದ್ರ, ಬಂದವರು ಇವರು ಅವರ ಅವ್ವ ಏನ್ರಿ ಅಂತ ಕೇಳ್ತಾರ."

ಗಿರಿಜಾ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿದಳು. ಇಷ್ಟು ವರ್ಷ ಆ ಗೋಡೆಯ ಕೆಳಗೇ ಕಾಫಿ ಕುಡಿದಿದ್ದೇನೆ. ಅತ್ತೆಗೆ ವರ್ಷ ವರ್ಷವೂ ವಯಸ್ಸಾಗುತ್ತಿದ್ದು ಮಾವನವರಿಗೆ ಆಗುತ್ತಿಲ್ಲ ಎಂಬುದು, ಎಲ್ಲದಕ್ಕೂ ಚಿಂತೆ ಮಾಡುವ ನನಗೆ ಹೊಳೆದೇ ಇರಲಿಲ್ಲ.

ಆಗ ಸ್ಫೂರ್ತಿ ರಬ್ಬರ್ ಬ್ಯಾಂಡಿನ ಕ್ಯಾಮೆರಾ ತಂದಳು. "ಅಜ್ಜಿ, ಕನ್ನಡಕ ಹಾಕ್ಕೋ. ನಗಬೇಡ, ನಗೋ ಥರ ಇರು." ಮೂತಿ ಸದ್ದು ಮಾಡುತ್ತ ಹೊರಗೆ ಬಂತು, ಫ್ಲಾಶ್ ಭಗ್ಗೆಂದಿತು. ಅದರ ಲೆನ್ಸಿನ ಮೇಲೆ ಎಷ್ಟು ಕಾಲದ ಬೆರಳಚ್ಚುಗಳಿದ್ದವೋ, ಫೋಟೋದ ಮೇಲೆಲ್ಲ ಹಾಲಿನಂಥ ಮಬ್ಬು ಹರಡಿ, ಗೆರೆಗಳು ಎಲ್ಲಿಗೋ ಹೊರಟುಹೋಗಿದ್ದವು. ಉಳಿದದ್ದು ಅತ್ತೆಯ ಮುಖ, ಅಷ್ಟೇ. ಅವರು ಪುಟ್ಟ ಪರದೆಯನ್ನು ಗೋಡೆಯ ಫೋಟೋದ ಪಕ್ಕ ಎತ್ತಿ ಹಿಡಿದು ನೋಡಿದರು. "ಇದ ಇರ್ಲಿ," ಎಂದರು. ನಾನು ದಿವಾನ್ ಮೇಲೆ ನಿರಾಳವಾಗಿ ಉಸಿರು ಬಿಟ್ಟು ಕೂತೆ. ಅಷ್ಟರಲ್ಲಿ ಅವರು, "ತಡೀರಿ, ನಾನೂ ಒಂದು ಹೊಡೀತೀನಿ," ಎಂದು ಕ್ಯಾಮೆರಾ ನನ್ನ ಕಡೆ ತಿರುಗಿಸಿ ಗುಂಡಿ ಒತ್ತಿದರು. ನಕ್ಕೆವು. ನಾನು ಅದನ್ನು ಅಲ್ಲೇ ಮರೆತೆ.

ಮಾರನೆಯ ದಿನ ಸ್ಫೂರ್ತಿ ಮೆಮರಿ ಕಾರ್ಡನ್ನು ವಿಜಯನಗರ ಮಾರುಕಟ್ಟೆಯ ಹತ್ತಿರ ಫೋಟೋಗೆ ಕಟ್ಟು ಹಾಕುವ ಅಂಗಡಿಗೆ ಕೊಟ್ಟುಬಂದಳು. "ಕಾರ್ಡಲ್ಲಿ ಕೊನೇದು, ಅಜ್ಜನ ಫೋಟೋ ಅಳತೆಗೇ ಮಾಡಿಸು," ಎಂದು ನಾನೇ ಹೇಳಿ ಕಳಿಸಿದ್ದೆ.

ಎರಡು ದಿನ ಬಿಟ್ಟು ಸಂಜೆ ಆಫೀಸಿನಿಂದ ಬರುವಾಗ ತರಲು ಹೋದೆ. ಅಂಗಡಿಯ ಗೋಡೆಯ ತುಂಬ ದೇವರುಗಳು, ತೀರಿಹೋದವರು. ಅವರ ನಡುವೆ ಗಂಧದ ಹಾರ ಹಾಕಿಕೊಂಡು, ನೆತ್ತಿಯ ಮೇಲೆ ಕೆಂಪು ಪುಟ್ಟ ಬಲ್ಬು ಮಿನುಗಿಸುತ್ತ, ನಾನಿದ್ದೆ. ನಿಂತಲ್ಲೇ ನಾಡಿ ಹಿಡಿದು ನೋಡಿಕೊಂಡೆ. ಓಡುತ್ತಿತ್ತು. ಇರಬೇಕಾದುದಕ್ಕಿಂತ ಜೋರಾಗಿಯೇ ಓಡುತ್ತಿತ್ತು.

ಅಂಗಡಿಯವರು ತಲೆ ಎತ್ತಿ ನನ್ನನ್ನು ನೋಡಿದರು. ಫೋಟೋ ನೋಡಿದರು. ಕೈಯಲ್ಲಿದ್ದ ಸುತ್ತಿಗೆ ಹಾಗೇ ಗಾಳಿಯಲ್ಲಿ ನಿಂತಿತು.

"ಸಾರ್... ಇವರು ನಿಮಗೆ ಅಣ್ಣನಾ, ತಮ್ಮನಾ?"

ಅದು ನಾನೇ ಎನ್ನಬೇಕಿತ್ತು. ಆದರೆ ಅಂಗಡಿಯವರ ಮುಖದಲ್ಲಿ ನನಗಿಂತ ಹೆಚ್ಚು ಗಾಬರಿಯಿತ್ತು. "ಅಣ್ಣ," ಎಂದುಬಿಟ್ಟೆ.

"ಅವಳಿ ಜವಳಿನಾ?"

"ಹ್ಞೂಂ."

"ಅದಕ್ಕೇ. ಒಂದ್ ನಿಮಿಷ ನನ್ ಜೀವಾನೇ ಹೋಯ್ತು ಸಾರ್. ಏನಾಗಿತ್ತು ಪಾಪ?"

"ಯೋಚನೆ ಜಾಸ್ತಿ."

"ಬಿಪಿನಾ?"

"ಬಿಪಿ ಇರಲಿಲ್ಲ. ಬಂದ್ಬಿಟ್ರೆ ಅಂತ ಯೋಚನೆ ಮಾಡ್ತಿದ್ದ."

ಅವರು ತಲೆ ಅಲ್ಲಾಡಿಸಿದರು. "ಆ ಹುಡುಗಿ ಮಗಳು ಅನ್ಸುತ್ತೆ. ತೀರ್ಕೊಂಡಿರೋ ನಮ್ಮಜ್ಜನ ಪಕ್ಕ ಹಾಕ್ಬೇಕು ಅಂತು. ಫೋನಲ್ಲಿ ಮಾತಾಡ್ಕೊಂಡು ನಗ್ತಾ ಇತ್ತು ಸಾರ್. ದುಃಖ ಜಾಸ್ತಿ ಆದ್ರೆ ಹಂಗೇ. ನೋಡಿ ನಂಗೆ ತಡ್ಕೊಳ್ಳೋಕಾಗ್ಲಿಲ್ಲ, ಹಾರ, ಬಲ್ಬು ನಮ್ ಕಡೆಯಿಂದ ಹಾಕ್ದೆ. ಇನ್ಮೇಲೆ ನೀವೇ ಆ ಮಗೂನ ಚೆನ್ನಾಗಿ ನೋಡ್ಕೋಬೇಕು."

ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟೆ. ಕಾರ್ಡಿನಲ್ಲಿ ಇದರ ಹಿಂದಿನ ಫೋಟೋಗೂ ಕಟ್ಟು ಹಾಕಿ ಎಂದೆ. ಅವರು ಕಂಪ್ಯೂಟರಿನಲ್ಲಿ ತೆಗೆದು ನೋಡಿ ದನಿ ತಗ್ಗಿಸಿದರು. "ಇವರೂನಾ?"

"ಇಲ್ಲ, ಇವರು ನಮ್ಮತ್ತೆ. ಗಟ್ಟಿಯಾಗಿದ್ದಾರೆ."

ಅವರು ನನ್ನನ್ನು ಬಹಳ ಹೊತ್ತು ದಿಟ್ಟಿಸಿ, "ಮನೇಲೊಂದು ಶಾಂತಿ ಗೀಂತಿ ಮಾಡಿಸಿ ಸಾರ್. ನೀವೂ ಯೋಚನೆ ಕಮ್ಮಿ ಮಾಡಿ. ಅವಳಿಗಳಿಗೆ ಒಬ್ಬರಿಗೆ ಬಂದಿದ್ದು ಇನ್ನೊಬ್ಬರಿಗೂ ಬರುತ್ತೆ ಅಂತಾರೆ," ಎಂದರು. ಆ ರಾತ್ರಿಯ ನಿದ್ದೆ ಕೆಡಲು ಅಷ್ಟು ಸಾಕಾಯಿತು.

ಮನೆಯಲ್ಲಿ ಪೊಟ್ಟಣ ಬಿಚ್ಚಿದಾಗ ಸ್ಫೂರ್ತಿ ನಕ್ಕು ನಕ್ಕು ನೆಲದ ಮೇಲೆ ಕೂತಳು. ಗಿರಿಜಾ, "ಮೊದಲು ಆ ಹಾರ ಕಿತ್ತುಹಾಕಿ, ನೋಡೋಕಾಗಲ್ಲ," ಎಂದು ಮುಖ ತಿರುಗಿಸಿದಳು. ಅತ್ತೆ ಮಾತ್ರ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಜು ಒರೆಸಿದರು.

"ಛಲೋ ಬಂದದ ನೋಡ್ರಿ. ಎಷ್ಟು ಸಮಾಧಾನದಾಗ ಕುಂತೀರಿ. ಮದವಿ ಆದಾಗಿಂದ ನಿಮ್ಮನ್ನ ಹಿಂಗ ನೋಡಿಲ್ಲ."

"ಏನ್ ಮಾಡೋದು ಅತ್ತೆ ಇದನ್ನ?"

"ತಗದಿಡ್ರಿ. ಕೆಡೂ ವಸ್ತು ಅಲ್ಲ."

ಅವರ ಫೋಟೋವೂ ಆಮೇಲೆ ಬಂತು. ಮಾವನವರದನ್ನು ಗೋಡೆಯಿಂದ ಇಳಿಸಿ ಎರಡನ್ನೂ ಮಂಚದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ, "ಅವ್ವ ಅನ್ನಾಂಗಿಲ್ಲ. ಅಕ್ಕ ಅಂದಾರು. ಸಾಕು," ಎಂದು ಅವರು ತಮ್ಮದನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು.

ನನ್ನದು ಬಟ್ಟೆ ಬೀರುವಿನ ಮೇಲಿನ ಅರೆಯಲ್ಲಿದೆ. ಹೊಸ ಕ್ಯಾಮೆರಾದ ಚೀಲವೂ ಅದರ ಪಕ್ಕದಲ್ಲೇ, ಧೂಳು ಕೂರದಂತೆ ಎರಡೆರಡು ಕವರಿನಲ್ಲಿದೆ. ಆಗಾಗ ಬಾಗಿಲು ತೆರೆದು ನನ್ನ ಮುಖ ನೋಡುತ್ತೇನೆ. ಅತ್ತೆ ಹೇಳಿದ್ದು ನಿಜ. ಹಾರ ಹಾಕಿಕೊಂಡ ಆ ಮನುಷ್ಯನಿಗೆ ಪ್ರಪಂಚದ ಒಂದು ಚಿಂತೆಯೂ ಇಲ್ಲ. ಅಂಗಡಿಯವರು ಬಲ್ಬಿಗೆ ಹಾಕಿರುವ ವೈರು ಬಹಳ ತೆಳುವಾಗಿದೆ, ಮುಂದೊಂದು ದಿನ ಅದನ್ನು ಗೋಡೆಗೆ ಹಾಕಿ ಸ್ವಿಚ್ಚು ಒತ್ತಿದಾಗ ಶಾರ್ಟ್ ಸರ್ಕ್ಯೂಟ್ ಆಗಿ ಮನೆಯವರಿಗೆಲ್ಲ ತೊಂದರೆಯಾದರೆ ಹೇಗೆ ಎಂಬ ಚಿಂತೆ ಇರುವುದು ನನಗೊಬ್ಬನಿಗೇ. ನಾಳೆ ಎಲೆಕ್ಟ್ರಿಷಿಯನ್‌ಗೆ ಬರಹೇಳಿದ್ದೇನೆ.